ಯಾರ ತಾಳಕ್ಕೂ ಕುಣಿಯದವಳು

ಜೂನ್ ೧೨, ಗುರುವಾರ
ಆಟದ ಮನೆ, ಮಕ್ಕಳು ಹೋದ ಮೇಲೆ

ಅಕ್ಕಾ,

ಕ್ಷೇಮ ಕೇಳಿ ಪತ್ರ ಶುರು ಮಾಡುವುದು ವಾಡಿಕೆ. ನೀನು ಎಷ್ಟು ಕ್ಷೇಮವಾಗಿದ್ದೀಯ ಎಂದು ನಿನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಕೇಳುವುದಿಲ್ಲ. ಬೆಳಿಗ್ಗೆಯಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಎಂದಿನಂತೆ ಭಾಷಣ ಬಿಗಿದು, ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದೆ. ಪತ್ರವನ್ನು ನನ್ನ ಆಟದ ಮನೆಯ ಆಯಾ ತರುತ್ತಾಳೆ. ಸೋಮವಾರ ನಮ್ಮ ಪುಟ್ಟ ಸಾಸಿವೆಯ ಕಿವಿಯ ಆಪರೇಷನ್. ಅಷ್ಟರೊಳಗೆ ನೀನು, ಭಾವ, ಡಾಕ್ಟರು ಮೂವರೂ ಇದನ್ನು ಓದಬೇಕು.

ನಿನ್ನೆ ಡಾಕ್ಟರು, "ಮಗು ಕಿವಿಗೆ ಏನಾದ್ರೂ ಪೆಟ್ಟು ಬಿದ್ದಿತ್ತಾ?" ಎಂದು ಕೇಳಿದಾಗ ನೀನು ತಲೆ ತಗ್ಗಿಸಿದೆ. ಭಾವ ನಿನ್ನ ಕಡೆ ಬೆರಳು ಮಾಡಿ, "ಇವಳೇ ಸಾರ್ ಹೊಡೆದಿದ್ದು. ಸ್ಕೂಲ್ ಮೆಟ್ಟಿಲ ಮೇಲೆ, ಹತ್ತು ಜನದ ಎದುರಿಗೆ" ಅಂದರು. ಎಷ್ಟು ದಿನದಿಂದ ಕೇಳಿಸುತ್ತಿಲ್ಲ ಎಂಬ ಪ್ರಶ್ನೆಗೆ ನೀನು ಎರಡು ವಾರದಿಂದ ಅಂದೆ. ಅಂದರೆ ಆ ಏಟಿನ ದಿನದಿಂದ. ಡಾಕ್ಟರು ಹಾಗೆಯೇ ಬರೆದುಕೊಂಡರು. ಎಡಗಿವಿ ಹೋದಂತೆಯೇ, ಬಲಗಿವಿಯನ್ನಾದರೂ ಉಳಿಸಲು ನೋಡೋಣ ಎಂದರು. ಆಮೇಲೆ ನೀನು ನಿನ್ನ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕೂತುಬಿಟ್ಟೆ. ಅದು ಬೇರೆ ಯಾರದೋ ಕೈ ಎಂಬಂತೆ.

ನಾನು ಬಾಗಿಲ ಪಕ್ಕದಲ್ಲಿ ಸಾಸಿವೆಯ ಪುಟ್ಟ ಚಪ್ಪಲಿ ಹಿಡಿದು ನಿಂತಿದ್ದೆ. ಎರಡು ವಾರ ಎಂಬುದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಮೊದಲು ನೀವು ಮಗುವನ್ನು ಸೇರಿಸಲು ಹೋಗಿದ್ದ ಆ ಶಾಲೆಯನ್ನು ಬೈದುಬಿಡುತ್ತೇನೆ, ಬೈಯುವುದು ನನಗೆ ಸಲೀಸು. ನಾಲ್ಕು ವರ್ಷದ ಮಗುವನ್ನು ಮೇಜಿನ ಮುಂದೆ ನಿಲ್ಲಿಸಿ ಹೆಸರೇನು, ಇದು ಯಾವ ಬಣ್ಣ, ಹತ್ತರವರೆಗೆ ಎಣಿಸು ಎಂದು ಕೇಳುವುದು ಪೊಲೀಸ್ ಠಾಣೆಯ ಕೆಲಸ. ಆ ಹೆಂಗಸು ಅರ್ಜಿಯಿಂದ ತಲೆಯನ್ನೇ ಎತ್ತದೆ ಪ್ರಶ್ನೆ ಕೇಳುತ್ತಿದ್ದಳು. ತುಟಿ ಕಾಣದೆ ಸಾಸಿವೆ ಏನೆಂದು ಉತ್ತರ ಕೊಡಬೇಕಿತ್ತು? "ಹಠಾನಾ, ಇಲ್ಲ ತಲೇನೇ ಮಂದಾನಾ?" ಎಂದು ನಿನ್ನನ್ನೇ ಕೇಳಿ, ಶಾಲೆಗೆ ಸಿದ್ಧವಾಗಿಲ್ಲ ಎಂದು ಗೀಚಿದಳು. ಹೊರಗೆ ಮೆಟ್ಟಿಲ ಮೇಲೆ ಭಾವನ ಹಳೆಯ ಚುಚ್ಚುಮಾತು: "ನಾನು ಹೇಳ್ಲಿಲ್ವಾ? ನಿನ್ನ ತಂಗಿ ಮಕ್ಕಳಿಗೆ ಕಲಿಸಲ್ಲ ಕಣೇ, ಮಣ್ಣು ಕಲಸ್ತಾಳೆ." ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾರ್ಖಾನೆಯಲ್ಲಿ ಎರಡು ಪಾಳಿ ಬಿಸ್ಕತ್ತು ಪ್ಯಾಕ್ ಮಾಡಿ ಬಂದಿದ್ದ ನೀನು ಮಗುವನ್ನು ಮೂರು ಸಲ ಕರೆದೆ. ಅವಳು ಗೇಟಿನ ಕಂಬಿಯಲ್ಲಿ ಬೆರಳಾಡಿಸುತ್ತ ನಿಂತಿದ್ದಳು. ಅವಳು ಹುಟ್ಟಿದಾಗಿನಿಂದ ಒಂದು ದಿನವೂ ಏಳದ ನಿನ್ನ ಕೈ ಅಂದು ಎದ್ದಿತು.

ಆ ಏಟು ನನಗೆ ಬೀಳಬೇಕಿತ್ತು ಅಕ್ಕಾ. ಯಾಕೆಂದು ಬರೆಯುತ್ತೇನೆ.

ಕಳೆದ ಅಕ್ಟೋಬರ್‌ನಲ್ಲಿ ನಾವು ಕಲ್ಲಾಗುವ ಆಟ ಆಡುತ್ತಿದ್ದೆವು. ನಾನು ಎಣ್ಣೆ ಡಬ್ಬ ಬಡಿಯುತ್ತೇನೆ, ಮಕ್ಕಳು ಕುಣಿಯುತ್ತಾರೆ, ಬಡಿತ ನಿಂತ ಕೂಡಲೇ ಇದ್ದಲ್ಲೇ ಕಲ್ಲಾಗಬೇಕು. ಕೆಳಗಿನ ಸೈಕಲ್ ಅಂಗಡಿಯವನು "ಮೇಡಂ, ಸೂರು ಬೀಳುತ್ತೆ" ಎಂದು ಕೂಗುವಷ್ಟು ಜೋರಿನ ಆಟ. ಬಡಿತ ನಿಂತಿತು. ಹದಿಮೂರು ಮಕ್ಕಳು ಕಲ್ಲಾದರು. ಸಾಸಿವೆ ಒಬ್ಬಳೇ ಕೈ ಬೀಸಿಕೊಂಡು ಸುತ್ತುತ್ತಿದ್ದಳು. ಮಕ್ಕಳು ಕೇಕೆ ಹಾಕಿ ನಕ್ಕಾಗ ನಾನು ಗದರಿಸಿ, ಅವಳಿಗೆ ಚಪ್ಪಾಳೆ ಹೊಡೆಸಿದೆ. ಅಂದೇ ದಿನಚರಿ ಪುಸ್ತಕದಲ್ಲಿ ಬರೆದೆ: "ಇವಳು ಯಾರ ತಾಳಕ್ಕೂ ಕುಣಿಯುವವಳಲ್ಲ. ಹೇರಿದ ನಿಯಮವನ್ನು ಮೀರುವ ಸೃಜನಶೀಲತೆ." ನಿನಗೆ ಫೋನ್ ಮಾಡಿ ಓದಿ ಹೇಳಿದೆ, ನೆನಪಿದೆಯಾ? "ನಿನ್ನ ಹಾಗೇ ಆಗ್ತಾಳೆ ಬಿಡೇ, ದೇವರೇ ಕಾಪಾಡ್ಬೇಕು" ಎಂದು ನೀನು ನಕ್ಕೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ತಾಳ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಮಿಕ್ಕವರು ಕುಣಿಯುವುದನ್ನು ಕಂಡು ಕುಣಿಯಲು ಶುರು ಮಾಡುತ್ತಿದ್ದಳು. ನಿಲ್ಲಬೇಕೆಂದು ಅವಳಿಗೆ ತಿಳಿಸುವವರು ಯಾರೂ ಇರಲಿಲ್ಲ.

ಒಂದು ಸಲ ಅಲ್ಲ. ಹಾಡಿನ ಹೊತ್ತಿನಲ್ಲಿ ಪಕ್ಕದವಳ ತುಟಿ ನೋಡಿ ತಾನೂ ತುಟಿ ಆಡಿಸುತ್ತಿದ್ದಳು. ನಾನು "ಗೆಳತಿಯರೊಂದಿಗೆ ಬೆರೆಯುತ್ತಾಳೆ" ಎಂದು ಬರೆದೆ. ಚಟಪಟ ಸಿಡಿಯುತ್ತಾಳೆಂದು ನೀನೇ ಇಟ್ಟ ಹೆಸರು ಸಾಸಿವೆ. ಆ ಸಿಡಿತ ದಿನೇದಿನೇ ಕಡಿಮೆಯಾಯಿತು. ನಾನು "ಅಂತರ್ಮುಖಿ, ಆಳವಾಗಿ ಯೋಚಿಸುತ್ತಾಳೆ" ಎಂದು ಬರೆದೆ. ಫುಟ್‌ಪಾತ್ ಮೇಲೆ ಕೊಂಡ ಮೂವತ್ತೆರಡು ಪುಟದ ಶಿಶುಶಿಕ್ಷಣದ ಹೊತ್ತಗೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಒಳ್ಳೆಯ ಮಾತು ಸಿಗುತ್ತಿತ್ತು.

ಮೊದಲು ಕಂಡುಹಿಡಿದವಳು ಆಯಾ. ನವೆಂಬರ್‌ನಲ್ಲಿ ಬಂದು, "ಟೀಚರಮ್ಮ, ಈ ಮಗು ಮಾತಾಡೋರ ಕಣ್ಣು ನೋಡಲ್ಲ, ಬಾಯಿ ನೋಡುತ್ತೆ. ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ" ಎಂದಳು. ಆಟದಲ್ಲಿ ಮುಳುಗಿದ ಮಗು ಹೊರಗಿನ ಸದ್ದಿಗೆ ಓಗೊಡುವುದಿಲ್ಲ ಎಂಬ ಸಾಲನ್ನು ನಾನು ಅವಳಿಗೆ ಓದಿ ಹೇಳಿದೆ. ಮಾರನೆಯ ದಿನ ಅವಳು ಮಕ್ಕಳ ಬೆನ್ನ ಹಿಂದೆ ಬೇಕೆಂದೇ ಪಾತ್ರೆಯ ಮುಚ್ಚಳ ಬೀಳಿಸಿದಳು. ಹದಿಮೂರು ತಲೆ ತಿರುಗಿದವು. ಒಂದು ತಿರುಗಲಿಲ್ಲ. ಮಕ್ಕಳನ್ನು ಬೆಚ್ಚಿಬೀಳಿಸಿದೆ ಎಂದು ನಾನು ಆಯಾಳನ್ನು ಎಲ್ಲರ ಮುಂದೆ ಬೈದೆ. ಅವಳು ಮುಚ್ಚಳ ಎತ್ತಿಕೊಳ್ಳುತ್ತ, "ಓದಿ ಓದಿ ನಿಮಗೇ ಕಿವುಡು ಬಂದಿದೆ" ಎಂದು ಗೊಣಗಿದಳು.

ಡಿಸೆಂಬರ್‌ನಲ್ಲಿ ಸಾಸಿವೆ ಮಲಗುವ ಚಾಪೆಯ ತಲೆಯ ಕಡೆ ಹಳದಿ ಕಲೆ ಕಂಡಿತು. ನಮ್ಮಲ್ಲಿ ಗೋಡೆ, ನೆಲ, ಮಕ್ಕಳ ಕೂದಲು ಎಲ್ಲ ಕಡೆ ಬಣ್ಣವೇ. ಚಿತ್ರದ ಹಳದಿ ಬಣ್ಣ ಅಂದುಕೊಂಡೆ. ಆಯಾ ಚಾಪೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಬಣ್ಣ ನಾರುತ್ತಾ?" ಎಂದಳು. ತೊಳೆದು ಹಾಕು ಎಂದೆ. ಅವಳು ತೊಳೆದಳು. ಆಮೇಲೆ ದಿನವೂ ಮಗು ಎಚ್ಚರಾಗುವ ಮೊದಲೇ ಕಿವಿ ಒರೆಸುತ್ತಿದ್ದಳಂತೆ. ನಿನ್ನೆ ಹೇಳಿದಳು.

ನೀನೂ ಕೇಳಿದ್ದೆ. ಫೆಬ್ರವರಿಯಲ್ಲಿ ಪಾಳಿ ಮುಗಿಸಿ ಮಗುವನ್ನು ಕರೆದೊಯ್ಯಲು ಬಂದು, "ಇವಳು ಕೂಗಿದ್ರೆ ಬರಲ್ವಲ್ಲ ಕಣೇ, ಕಿವಿ ಡಾಕ್ಟರಿಗೆ ತೋರಿಸ್ಲಾ?" ಅಂದೆ. ನಾನು ನಗಾಡಿ, ಕರೆದ ತಕ್ಷಣ ಓಡಿಬರಲು ಅವಳೇನು ನಿನ್ನ ಸೂಪರ್‌ವೈಸರ್‌ನ ಕೈಕೆಳಗಿನವಳಾ ಎಂದೆ. ಒಂದು ಹೊತ್ತಗೆ ಕೊಟ್ಟು ಕಳಿಸಿದೆ. ನೀನು ನಂಬಿದೆ, ಯಾಕೆಂದರೆ ಮನೆಯಲ್ಲಿ ಓದಿದವಳು ನಾನು. ಎಂಟನೇ ತರಗತಿಗೇ ಶಾಲೆ ಬಿಟ್ಟು ದುಡಿದು ನನ್ನನ್ನು ಓದಿಸಿದವಳು ನೀನು.

ಆದ್ದರಿಂದ ಡಾಕ್ಟರಿಗೆ ಎರಡು ವಾರ ಅಲ್ಲ, ಎಂಟು ತಿಂಗಳು ಎಂದು ಹೇಳು. ಕೀವು ಡಿಸೆಂಬರ್‌ನಿಂದಲೇ ಸೋರುತ್ತಿತ್ತು ಎಂದು ಹೇಳು. ಭಾವನಿಗೂ ಹೇಳು. ನಿನ್ನ ಕೈ ಅವಳ ಕಿವಿ ಕೆಡಿಸಲಿಲ್ಲ. ನೀನು ಹೊಡೆದದ್ದು ತಪ್ಪು, ಅದನ್ನು ನಾನು ಒರೆಸುವುದಿಲ್ಲ. ಆದರೆ ನೀನು ಹೊಡೆದಾಗ ಆ ಕಿವಿಯಲ್ಲಿ ಕೆಡಲು ಹೆಚ್ಚೇನೂ ಉಳಿದಿರಲಿಲ್ಲ. ದಿನಚರಿ ಪುಸ್ತಕವನ್ನು ಜೊತೆಗೆ ಕಳಿಸಿದ್ದೇನೆ. ನಾನು ಮೆಚ್ಚಿ ಬರೆದ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ ಎಳೆದಿದ್ದೇನೆ. ಡಾಕ್ಟರು ಅವನ್ನು ಕಾಯಿಲೆಯ ಲಕ್ಷಣಗಳೆಂದು ಓದಿಕೊಳ್ಳಲಿ.

ಇಷ್ಟಾದರೂ ಆಟ ತಪ್ಪು ಎಂದು ನಾನು ಒಪ್ಪುವುದಿಲ್ಲ ಅಕ್ಕಾ. ಮಣ್ಣು ಕಲಸಿದ ಬೆರಳೇ ನಾಳೆ ಪೆನ್ಸಿಲ್ ಹಿಡಿಯುವುದು. ನಿಜ ಹೇಳಬೇಕೆಂದರೆ ಆಟವೇ ಎಂಟು ತಿಂಗಳು ನನ್ನ ಮುಂದೆ ಬಡಿದುಕೊಂಡು ಹೇಳುತ್ತಿತ್ತು. ಕಲ್ಲಾಗುವ ಆಟಕ್ಕಿಂತ ಒಳ್ಳೆಯ ಕಿವಿಯ ಪರೀಕ್ಷೆ ಯಾವುದಿದೆ? ನನಗೆ ಮಗು ಬೇಕಿರಲಿಲ್ಲ, ನನ್ನ ವಾದಕ್ಕೊಂದು ಪುರಾವೆ ಬೇಕಿತ್ತು. ನಿನ್ನ ಮಗಳು ಕೈಗೆ ಸಿಕ್ಕಿದಳು.

ಮಿಕ್ಕ ಮಕ್ಕಳ ಅಪ್ಪ ಅಮ್ಮಂದಿರನ್ನು ಶನಿವಾರ ಕರೆದಿದ್ದೇನೆ. ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ಯಾರೂ ಮಕ್ಕಳನ್ನು ಕಳಿಸಲಾರರು, ಕಳಿಸಲೂಬಾರದು. ಆಯಾ ಬೇರೆ ಕಡೆ ಕೆಲಸ ನೋಡಿಕೊಂಡಿದ್ದಾಳೆ.

ಆಯಾಳನ್ನು ಬಿಟ್ಟರೆ ತಿಳಿದವರು, ಓದಿದವರು ಯಾರೂ ನನ್ನನ್ನು ಎಚ್ಚರಿಸಿರಲಿಲ್ಲ. ಇದು ನೆಪವಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಸೋಮವಾರ ಆಸ್ಪತ್ರೆಗೆ ಬರಲೇ ಬೇಡವೇ ಎಂದು ಒಂದು ಮಾತು ಆಯಾ ಹತ್ತಿರ ಹೇಳಿ ಕಳಿಸು. ಬೇಡ ಎಂದರೆ ಗೇಟಿನಾಚೆ ನಿಂತಿರುತ್ತೇನೆ.

ನಿನ್ನ ತಂಗಿ

ತಾ.ಕ.: ಪತ್ರ ಹಿಡಿದು ಮೆಟ್ಟಿಲಿಳಿದಿದ್ದ ಆಯಾಳನ್ನು ಕೂಗಿ ವಾಪಸ್ ಕರೆದಿದ್ದೇನೆ. ಓದಿದವರು ಯಾರೂ ಎಚ್ಚರಿಸಿರಲಿಲ್ಲ ಎಂಬುದು ಸುಳ್ಳು. ಜನವರಿ ೨೧ರಂದು ಆರೋಗ್ಯ ಇಲಾಖೆಯ ನರ್ಸ್ ಬಂದು, ಒಂದೊಂದು ಮಗುವಿನ ಬೆನ್ನ ಹಿಂದೆ ಗಂಟೆ ಆಡಿಸಿ ನೋಡಿದ್ದಳು. ಸಾಸಿವೆಯ ಹೆಸರಿಗೆ ಒಂದು ಚೀಟಿ ಬರೆದು, ಅಪ್ಪ ಅಮ್ಮನಿಗೆ ಇವತ್ತೇ ಮುಟ್ಟಿಸಿ ಎಂದು ನನ್ನ ಕೈಗೆ ಕೊಟ್ಟಳು: "ಎರಡೂ ಕಿವಿ. ತಡಮಾಡದೆ ಕಿವಿ ವೈದ್ಯರಿಗೆ ತೋರಿಸುವುದು." ಮಕ್ಕಳಿಗೆ ಹಣೆಪಟ್ಟಿ ಹಚ್ಚಬಾರದು ಎಂಬುದು ನನ್ನ ನಿಲುವು. ಚೀಟಿಯನ್ನು ಚೀಲಕ್ಕೆ ಹಾಕಿಕೊಂಡೆ. ಫೆಬ್ರವರಿಯಲ್ಲಿ ನೀನು ಕಿವಿ ಡಾಕ್ಟರಿಗೆ ತೋರಿಸ್ಲಾ ಎಂದು ಕೇಳಿದಾಗ ಅದು ನನ್ನ ಹೆಗಲ ಮೇಲಿನ ಚೀಲದಲ್ಲೇ ಇತ್ತು. ಈಗ ಇದರ ಜೊತೆ ಪಿನ್ ಹಾಕಿದ್ದೇನೆ. ಮೊದಲು ಭಾವನ ಕೈಗೆ ಕೊಡು. ದಿನಾಂಕವನ್ನು ಗಟ್ಟಿಯಾಗಿ ಓದಲು ಹೇಳು.