ಇಬ್ಬರ ಹೂಂ

ಜೂನ್ 3, ಬೆಳಿಗ್ಗೆ

ಚಹಾ ಆರಿತ್ತು. ಹಂಗ ಕುಡದೆ. ಲ್ಯಾಪ್‌ಟಾಪ್ ತಗದೆ. ಖಾನಾಪುರದ ಕಾಲೇಜಿನಾಗ ಕಲಿಸೂ ಸಾಯಲಿ ಅನ್ನಾಕಿ ನಮ್ಮ ಕೀಬೋರ್ಡಿಗೆ ಮತ್ತೊಂದು ತಿದ್ದುಪಡಿ ಕಳಿಸ್ಯಾಳ. ಚಲೋ ಐತಿ. ಯಾವಾಗ್ಲೂ ಚಲೋನ ಇರತೈತಿ, ಅದ ಸಿಟ್ಟು ನನಗ.

ಕೆಳಗ ಆಶಿಶನ ಕಮೆಂಟ್ — ಸಾಯಲೀಗೆ ಕಮಿಟ್ ಆಕ್ಸೆಸ್ ಕೊಡೂಣು, ನಂದು ಹೂಂ.

ನಾ ಏನೂ ಬರೀಲಿಲ್ಲ. ಮುಚ್ಚಿಟ್ಟೆ.

ಜೂನ್ 5

ಅವ್ವ ಕೇಳಿದ್ಲು. ಕೋರ್ಟಿನ ಕಾಗದ ಆಗಿ ವರ್ಷ ಆತು, ಆ ಖಾನಾಪುರದಂವಗ ಇನ್ನೂ ಏನ ಬರೀತಿ ಅಂತ. ತಿಳಿಸಿ ಹೇಳಿದೆ. ಕನ್ನಡ-ಮರಾಠಿ ಟೈಪ್ ಮಾಡೂ ಕೀಬೋರ್ಡ್ ಸಾಫ್ಟ್‌ವೇರು, ನಾವಿಬ್ರೂ ಕೂಡಿ ಮಾಡಿದ್ದು. ಪುಕ್ಕಟ. ಯಾರು ಬೇಕಾದ್ರೂ ತಿದ್ದಿ ಕಳಸಬಹುದು, ಅದನ್ನ ಒಳಗ ಸೇರಸೂ ಹಕ್ಕು, ಅದ ಕಮಿಟ್ ಆಕ್ಸೆಸ್, ನಮ್ಮಿಬ್ಬರಿಗೆ ಮಾತ್ರ. ನನ್ನ ಕೆಲಸ ಅಂವ ನೋಡ್ತಾನ, ಅಂವಂದು ನಾ. ಮೂರನೇದವರು ಬರಬೇಕಾದ್ರ ಇಬ್ಬರೂ ಹೂಂ ಅನಬೇಕು.

ಅವ್ವಗ ಹೇಳದ ಬಿಟ್ಟದ್ದು — ಮೂರನೇದವರು ಸಿಕ್ಕ ದಿನ ನಾ ಈ ಕೆಲಸ ಬಿಡ್ತೇನಿ ಅಂದಾನ ಆಶಿಶ್. ಅರ್ಧಕ್ಕ ಕೈ ಬಿಡೂ ಮನಷ್ಯಾ ಅಲ್ಲ ಅಂವ. ಮದುವಿ ಒಂದ ಬಿಟ್ಟ.

ಜೂನ್ 9

ಸಾಯಲೀಗೆ ಬರದೆ: ಮರಾಠಿ ಅಕ್ಷರದ ಜಾಗಾ ಸರಿ ಇಲ್ಲ, ಮತ್ತೊಮ್ಮೆ ಮಾಡ್ರಿ. ಸರೀನ ಇತ್ತು.

ಮಧ್ಯಾಹ್ನದಾಗ ಮಾಡಿ ಕಳಿಸಿದ್ಲು. ಥ್ಯಾಂಕ್ಸ್ ಬ್ಯಾರೆ.

ಜೂನ್ 14

ಆಶಿಶ್ ಬರದಾನ — "ಏನ ಅಡಚಣಿ?"

"ನೋಡಾಕತ್ತೇನಿ," ಅಂತ ಬರದೆ.

ಈ ತಿಂಗಳು ನಮ್ಮ ನಡುವ ಆದ ಮಾತು ಇಷ್ಟ. ನಾಕ ಸಲ ಓದಿದೆ. ಅಳು ಬರಲಿಲ್ಲ. ಮನಸು ಜೋಮು ಹಿಡದೈತಿ, ಕುಂತ ಕಾಲಿನಂಗ.

ಜೂನ್ 27

ಖಾನಾಪುರಕ್ಕ ಹೋಗಿದ್ದೆ. ಸಾಯಲಿ ಕರದಿದ್ಲು, ಮಾತಾಡೂದೈತಿ ಬರ್ರಿ ಅಂತ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು... ಬಸ್ ಸ್ಟ್ಯಾಂಡಿನಾಗ ಆಶಿಶ್ ಕಂಡಾನು ಅನಕೊಂಡೆ. ಆಸೆ ಇತ್ತು, ಖರೇ. ಕಾಣಲಿಲ್ಲ.

ಸಣ್ಣ ಹುಡುಗಿ. ಕ್ಯಾಂಟೀನಿನಾಗ ಅವಲಕ್ಕಿ ತರಿಸಿದ್ಲು. ತಾನು ತಿನ್ನಲಿಲ್ಲ.

"ಸಮೃದ್ಧಿ ಮ್ಯಾಡಂ, ನನ್ನ ಕೆಲಸದಾಗ ತಪ್ಪಿದ್ರ ತೋರಸ್ರಿ. ಇಲ್ಲಂದ್ರ ಇಲ್ಲ ಅನ್ರಿ. ಸುಮ್ಮ ಸುಮ್ಮನ ತಿದ್ದಿ ನನಗೂ ಸಾಕಾಗೇತ್ರಿ."

ತಪ್ಪಿಲ್ಲ ಅಂದೆ. ಮತ್ತ ಯಾಕ್ರಿ ಅಂತ ಕೇಳಿದ್ಲು. ಅಲ್ಲೇ ಫೋನ್ ತಗದು ಹೂಂ ಅಂತ ಹಾಕಿದೆ. ಅಕಿ ಕಣ್ಣಾಗ ನೀರು ಬಂತು. ನನಗ ಏನೂ ಬರಲಿಲ್ಲ.

ಜೂನ್ 28

ಆಶಿಶನ ಕಡಿಂದ ಏನೂ ಇಲ್ಲ. ಬಟ್ಟಿ ಒಗದೆ.

ಜುಲೈ 2, ಬೆಳಿಗ್ಗೆ

ಆಶಿಶನ ತಿದ್ದುಪಡಿ ಬಂದೈತಿ. ಒಂದ ಸಾಲಿನ ಕೆಲಸ. ಕೀಬೋರ್ಡ್ ನಡಸೋರ ಪಟ್ಟಿಯಾಗಿಂದ ತನ್ನ ಹೆಸರು ತಗದಾನ.

ಇಷ್ಟು ವರ್ಷ ಅಂವ ಅಲ್ಪವಿರಾಮ ಹಾಕಿದ್ರೂ ನಾನ ನೋಡತಿದ್ದೆ. ಈ ಸಲ ನೋಡಾಕ ಸಾಯಲೀ ಹೆಸರು ಹಾಕ್ಯಾನ. ಅಕಿ ನೋಡಿ, ಹೂಂ ಅಂದು, ಒಳಗ ಸೇರಿಸಿ ಮುಗಿಸ್ಯಾಳ. ನಾ ಏಳೂದ್ರಾಗ.

ತಪ್ಪೇನಿಲ್ಲ. ಹುಡುಕಿದೆ. ನನಗ ಯಾಕ ಕಳಸಲಿಲ್ಲ ಅಂತ ಕೇಳಬೇಕಂದ್ರ ಈಗ ಎಲ್ಲಿ ಬರೀಲಿ? ನಾವು ಮಾತಾಡೂ ಜಾಗಾ ಇದೊಂದ —