ಚುಕ್ಕಿ ಇಟ್ಟು ‘ಇರಲಿ’ ಎಂದದ್ದು

ಮನೆ, ಊಟದ ಮೇಜು
ಬುಧವಾರ, ೧೪ನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ ಎಂದು ಕೇಳುವುದು ರೂಢಿ, ಕೇಳುತ್ತಿದ್ದೇನೆ. ಎಂಟು ದಿನದಿಂದ ಕಣ್ಣು ಬಿಡದವನು ಉತ್ತರ ಕೊಡುವುದಿಲ್ಲವೆಂದು ಗೊತ್ತು. ಆದರೂ ನಿನ್ನ ವಾರ್ಡಿನ ಸಿಸ್ಟರ್ “ಬರ್ದು ಕೊಡಿ, ಕಿವಿ ಹತ್ರ ಓದ್ತೀನಿ, ಕೇಳಿಸ್ಕೋತಾರೆ” ಎಂದರು. (ಸಿಸ್ಟರ್, ನಿಧಾನವಾಗಿ ಓದಿ. ಗಡಿಬಿಡಿಯಲ್ಲಿ ಓದಿದರೆ ಇವನಿಗೆ ಮೂಗಿನ ತುದಿಯಲ್ಲೇ ಕೋಪ.) ತಲೆಯ ಗಾಯ ಹೇಗಿದೆ? ಅಂಗಡಿ ಬೋರ್ಡು ಬರೆಯುವವನು ಅಕ್ಷರ ಸೊಟ್ಟಗಿದೆಯೇ ಎಂದು ಏಣಿಯಿಂದ ಇಳಿದು ನೋಡಬೇಕು, ಏಣಿಯ ಮೇಲೆಯೇ ಹಿಂದಕ್ಕೆ ಬಾಗಿ ನೋಡುವುದಲ್ಲ. ಬಿದ್ದ ದಿನ ಬ್ಯಾಂಡೇಜು ಸುತ್ತಿಸಿಕೊಂಡು “ಬಿದ್ದದ್ದು ಬಿತ್ತು” ಎಂದು ನಕ್ಕೆ. ಆಟದಲ್ಲಿ ದಾಳ ಕೈಕೊಟ್ಟವರು ಇನ್ನೊಂದು ಸಲ ಎಸೆಯುತ್ತೇವೆಂದು ಗೋಗರೆದಾಗಲೂ ನೀನು ಹೇಳುತ್ತಿದ್ದದ್ದು ಅದನ್ನೇ. ಆವತ್ತೇ ನಿನಗೆ ಚೆನ್ನಾಗಿ ಬಯ್ಯಬೇಕಿತ್ತು.

ಆಸ್ಪತ್ರೆಯ ಆ ಮಂಚದಲ್ಲಿ ಕೂತೇ ನೀನು ನನಗೆ ಒಂದು ದಪ್ಪ ಪುಸ್ತಕ ಕೊಟ್ಟೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತ್ತಲ ಗುಹೆಗಳಿಗೆ ಇಳಿಯುವ ನಮ್ಮ ಭಾನುವಾರದ ಆಟಕ್ಕೆ ಹೊಸದಾಗಿ ಬಂದ ನಿಯಮಗಳ ಪುಸ್ತಕ. “ಇದ್ರಲ್ಲಿ ಯಾರೂ ಸಾಯೋದೇ ಇಲ್ಲ ಕಣೇ. ಭಯ ಇಲ್ದಿದ್ರೆ ಗುಹೆ ಯಾಕೆ ಬೇಕು? ನಾನು ಮನೆಗೆ ಬರೋ ಹೊತ್ತಿಗೆ ನಮ್ಮ ಹಳೇ ಆಟದ ಹದಕ್ಕೆ ತಂದಿಡು” ಎಂದೆ. ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಕರಡು ತಿದ್ದಿದವಳು ನಾನು, ಬಿಡುತ್ತೇನೆಯೇ? ಕೆಂಪು ಪೆನ್ನು ಹಿಡಿದು, ನಮ್ಮ ಪದ್ಧತಿಯಂತೆ ಪ್ರತಿ ತಿದ್ದುಪಡಿಯ ಪಕ್ಕ ತಾರೀಕು, ಹೊತ್ತು ಹಾಕುತ್ತಾ ಹೋದೆ. ಬಾಗಿಲಲ್ಲಿ ಅಪಾಯವಿದೆಯೇ ಎಂದು ದಾಳ ಎಸೆದು ತಿಳಿಯುವುದನ್ನು ತೆಗೆದು, ಎಲ್ಲಿ ಮುಟ್ಟುತ್ತೀರಿ, ಯಾವ ಕೈಯಲ್ಲಿ ಮುಟ್ಟುತ್ತೀರಿ, ಬಾಯಿಬಿಟ್ಟು ಹೇಳಿ ಎಂದು ಬರೆದೆ. ನಿನಗೆ ಇಷ್ಟವಾಗುತ್ತದೆ.

ಭಾನುವಾರ ಮಧ್ಯಾಹ್ನ ಆಡಿ ನೋಡಲು ಚಿಕ್ಕಮ್ಮ ಬಂದಳು, ನಿನ್ನ ಗೆಳೆಯ ಬೇಕರಿಯವರೂ ಬಂದರು. ಆಟ ನಡೆಸುವ ನಿನ್ನ ಕುರ್ಚಿಯಲ್ಲಿ ನಾನು ಕೂತೆ. ನೀನು ಎಂದೋ ಮಾಡಿಟ್ಟಿದ್ದ ಮುದಿ ಬೀಗಕಳ್ಳನ ಪಾತ್ರ ಚಿಕ್ಕಮ್ಮನ ಪಾಲಿಗೆ ಬಂತು. ಹೊಲಿಗೆಯಲ್ಲಿ ಹತ್ತು ಸಲ ಅಳೆಯುವವಳು ಆಟದಲ್ಲಿ ಒಂದು ಸಲವೂ ಅಳೆಯುವುದಿಲ್ಲ. ಏಣಿ ಗಟ್ಟಿಯಿದೆಯೇ ಎಂದು ಕೇಳದೆ ಅವನನ್ನು ಹತ್ತಿಸಿದಳು. ಏಣಿ ಮುರಿಯಿತು, ಅವನ ಪ್ರಾಣದ ಅಂಕ ಸೊನ್ನೆಗೆ ಇಳಿಯಿತು. ಹೊಸ ಪುಸ್ತಕದ ಪ್ರಕಾರ ಅವನಿಗೆ ಇನ್ನೂ ಮೂರು ಎಸೆತ ಉಂಟು, ಎರಡರಲ್ಲಿ ಹತ್ತಕ್ಕಿಂತ ಹೆಚ್ಚು ಬಿದ್ದರೆ ಏಳುತ್ತಾನೆ. ಆ ಸಾಲನ್ನು ನಾನು ಬೆಳಿಗ್ಗೆಯಷ್ಟೇ ಹೊಡೆದುಹಾಕಿದ್ದೆ. “ಸತ್ತ ಅಂತ ಬರ್ಕೊಳ್ಳಿ, ನಿಮ್ಮಣ್ಣ ಇದ್ದಿದ್ರೂ ಅದೇ ಹೇಳ್ತಿದ್ದ” ಎಂದರು ಬೇಕರಿಯವರು. ‘ಸ’ ಎಂದು ಬರೆದಿದ್ದೆ, ಅಷ್ಟರಲ್ಲಿ ವಾರ್ಡಿನಿಂದ ಫೋನು. ಬೆಳಿಗ್ಗೆಯಿಂದ ನಿನ್ನ ಉಸಿರು ಇಳಿಯುತ್ತಿದೆ, ತಕ್ಷಣ ಬನ್ನಿ ಎಂದರು.

ಅವರಿಬ್ಬರೂ ಗಾಡಿ ತೆಗೆಯಲು ಓಡಿದರು. ನನ್ನ ಕಣ್ಣು ಮಾತ್ರ ಪುಸ್ತಕದ ಅಂಚಿನಲ್ಲಿದ್ದ ತಾರೀಕುಗಳಿಗೆ ಅಂಟಿಕೊಂಡಿತು. “ಒಂದು ರಾತ್ರಿ ಮಲಗಿ ಎದ್ದರೆ ಗಾಯ ಮಾಯ” ಎಂಬುದನ್ನು ಹೊಡೆದದ್ದು ಸೋಮವಾರ ಸಂಜೆ. ಮಂಗಳವಾರ ನೀನು ಏಳಲಿಲ್ಲ. “ಕತ್ತಲಲ್ಲೂ ಕಣ್ಣು ಕಾಣುತ್ತದೆ” ಎಂಬುದು ಗುರುವಾರ ಐದು ಗಂಟೆಗೆ. ಆರಕ್ಕೆ ಡಾಕ್ಟರು ಟಾರ್ಚು ಹಾಕಿದರೆ ನಿನ್ನ ಕಣ್ಣು ಅಲುಗಲಿಲ್ಲ. ಅಣ್ಣಾ, ಮತ್ತೆ ಕೆಂಪು ಪೆನ್ನು ಎತ್ತಿಕೊಂಡೆ. ತಪ್ಪಾಗಿ ಹೊಡೆದದ್ದು ಮತ್ತೆ ಬೇಕೆಂದರೆ ನಾವು ಪ್ರೆಸ್ಸಿನವರು ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಪಕ್ಕದಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ಆ ಎರಡು ಸಾಲಿಗೂ, ಬೆಳಿಗ್ಗೆ ಹೊಡೆದ ಮೂರು ಎಸೆತದ ಸಾಲಿಗೂ ಚುಕ್ಕಿ ಇಟ್ಟೆ. ಇರಲಿ, ಇರಲಿ, ಇರಲಿ. ನಿಂತಲ್ಲೇ ನಿನಗಾಗಿ ಇಪ್ಪತ್ತು ಮುಖದ ದಾಳ ಎಸೆದೆ: ನಾಲ್ಕು. ಮತ್ತೆ ಎಸೆದೆ: ಹದಿನೇಳು. ಮೂರನೆಯ ಸಲ ದಾಳ ಮೇಜಿನಿಂದ ಉರುಳಿತು, ನೆಲಕ್ಕೆ ಬಿದ್ದ ಸದ್ದೇ ಕೇಳಲಿಲ್ಲ. ನಾವು ವಾರ್ಡಿಗೆ ಬರುವಷ್ಟರಲ್ಲಿ ನಿನ್ನ ಉಸಿರು ಒಂದು ಹದಕ್ಕೆ ಬಂದಿತ್ತು. ಆಮೇಲೆ ಮನೆಯಲ್ಲಿ ಚಾಪೆ ಎತ್ತಿ, ಬೀರು ಸರಿಸಿ ಹುಡುಕಿದ್ದೇನೆ, ದಾಳ ಸಿಕ್ಕಿಲ್ಲ. ನೀನು ಏಳಲೂ ಇಲ್ಲ, ಇಳಿಯಲೂ ಇಲ್ಲ. ಎಸೆದ ದಾಳ ನಿಲ್ಲುವವರೆಗೆ ಬೇರೆ ಯಾವ ನಿಯಮವೂ ನಡೆಯುವುದಿಲ್ಲ ಎಂದು ಕಲಿಸಿದವನು ನೀನೇ ಅಲ್ಲವೇ?

ಚಿಕ್ಕಮ್ಮ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಏಣಿಯ ವಿಷಯಕ್ಕೆ ಕ್ಷಮೆಯನ್ನೂ ಕೇಳಿದ್ದಾಳೆ. ಬೇಕರಿಯವರು ದಿನಾ ನಿನ್ನ ಪಾಲಿನ ಬನ್ನು ತಂದಿಟ್ಟು ಹೋಗುತ್ತಾರೆ, ನಾನೇ ತಿನ್ನುತ್ತಿದ್ದೇನೆ. ನೀನಿಲ್ಲದೆ ನನಗೆ ಈ ಮನೆಯಲ್ಲಿ ಹೆದರಿಕೆ, ಬೇಗ ಬಾ.

ನಿನ್ನ ತಂಗಿ,
ಕೆಂಪು ಪೆನ್ನು

ತಾ.ಕ.: ಲಕೋಟೆ ಅಂಟಿಸುವಾಗ ಸಿಸ್ಟರ್ ಫೋನ್ ಮಾಡಿದರು. ಮೈ ಒರೆಸುವಾಗ ನೋಡಿದರಂತೆ, ನಿನ್ನ ಬಲಗೈ ಮುಷ್ಟಿ ಬಿಗಿದಿದೆ, ಬಿಡಿಸಲು ಹೋದರೆ ಇನ್ನೂ ಬಿಗಿಯುತ್ತದೆ, ಒಳಗೆ ಮೂಲೆಮೂಲೆಯಾದದ್ದು ಏನೋ ಗಟ್ಟಿಯಾಗಿ ತಾಗುತ್ತದೆ. ಅಣ್ಣಾ, ಕೈ ಬಿಚ್ಚು. ಹತ್ತಕ್ಕಿಂತ ಹೆಚ್ಚು ಇದ್ದರೆ ಎದ್ದು ಬಾ. ಕಡಿಮೆಯಿದ್ದರೆ ಯಾರಿಗೂ ತೋರಿಸಬೇಡ, ಇನ್ನೊಂದು ಸಲ ಎಸೆ. ‘ಬಿದ್ದದ್ದು ಬಿತ್ತು’ ಎಂಬ ನಿನ್ನ ನಿಯಮವನ್ನು ಈಗ ತಾನೇ ಹೊಡೆದುಹಾಕಿದೆ. ಪಕ್ಕದಲ್ಲಿ ತಾರೀಕು ಹಾಕಿದ್ದೇನೆ, ಹೊತ್ತೂ ಹಾಕಿದ್ದೇನೆ.