ತಾಮ್ರದ ಚೊಂಬಿನಲ್ಲಿ ಅದ್ದಿದ ಉಗುರು

ಮೇಟಗಳ್ಳಿ, ಮೈಸೂರು
೧೪-೯-೨೦೨೫, ಭಾನುವಾರ

ಪ್ರೀತಿಯ ಮಗಳು ವಾಣಿಗೆ,

ನಿನ್ನ ಅಮ್ಮ ಬರೆಯುತ್ತಿದ್ದೇನೆ. ನೀನು ಭಿಕ್ಖುಣಿಯಾದ ಮೇಲೆ ವಿಹಾರದಲ್ಲಿ ಇಟ್ಟ ಹೊಸ ಹೆಸರು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ. ನಾಲ್ಕು ಜನರ ಮುಂದೆ ಬೇಕಾದರೆ ಕೈಮುಗಿದು ‘ನೀವು’ ಅನ್ನುತ್ತೇನೆ, ಕಾಗದದಲ್ಲಿ ಮಾತ್ರ ನೀನು ವಾಣಿಯೇ. ಹೇಗಿದ್ದೀಯ? ಮಧ್ಯಾಹ್ನ ಕಳೆದ ಮೇಲೆ ಊಟವೇ ಇಲ್ಲವಂತಲ್ಲ, ಹೊಟ್ಟೆ ಒಗ್ಗಿತೇ? ಬೀದರ್ ಕಡೆಯ ಬಿಸಿಲು ಜೋರು, ಬೋಳುತಲೆ ಬಿಟ್ಟುಕೊಂಡು ಓಡಾಡಬೇಡ, ಹೊದ್ದ ಚೀವರವನ್ನೇ ತಲೆಯ ಮೇಲೆ ಎಳೆದುಕೋ. ನಾನು ಚೆನ್ನಾಗಿದ್ದೇನೆ. ಸೀರೆಗೆ ಫಾಲ್ಸ್ ಹಾಕುವ ಕೆಲಸ ದಸರಾ ಹತ್ತಿರ ಬಂತೆಂದು ಕೈತುಂಬ ಇದೆ. ಒಬ್ಬಳಿಗೆ ಸಾರು ಮಾಡುವ ಅಳತೆ ಮಾತ್ರ ಇನ್ನೂ ಸಿಕ್ಕಿಲ್ಲ. ಇವತ್ತಿನ ಬಸ್ಸಾರು ನಾಳೆಗೂ ಉಳಿಯುತ್ತದೆ.

ಹಿಂದಿನ ಕಾಗದದಲ್ಲಿ ಬರೆಯದೆ ಬಿಟ್ಟ ಸಂಗತಿಯೊಂದಿದೆ. ಈಗ ಎಲ್ಲ ಸರಿಹೋಗಿದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತೇನೆ. ಬೇಸಿಗೆಯಲ್ಲಿ ಸಿಂಚನ ಅನ್ನುವ ಹುಡುಗಿ ಮನೆಗೆ ಬಂದಿದ್ದಳು. ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ನಮ್ಮ ಮೈಯೊಳಗೆ ಸತು, ತಾಮ್ರ, ಸೆಲೆನಿಯಂ, ಕ್ಯಾಡ್ಮಿಯಂ ಅಂತ ಲೋಹಗಳು ಇದ್ದೂ ಇಲ್ಲದಷ್ಟು ಇರುತ್ತವಂತೆ. ಅವು ಏರುಪೇರಾದದ್ದನ್ನು ನೋಡಿ ಕ್ಯಾನ್ಸರಿನ ಸುಳಿವು ಮೊದಲೇ ಹಿಡಿಯಬಹುದೇ ಅಂತ ಅವರು ಹುಡುಕುತ್ತಿದ್ದಾರೆ. ಅದಕ್ಕೆ ಲೋಹದ ಕೆಲಸ ಮಾಡಿದವರ ಮನೆಮಂದಿಯ ಕಾಲುಗುರು ಬೇಕು. ಉಗುರು ನಿಧಾನಕ್ಕೆ ಬೆಳೆಯುವುದರಿಂದ ತಿಂಗಳುಗಳ ಹಿಂದೆ ಮೈಗೆ ಸೇರಿದ್ದೂ ಅದರಲ್ಲಿ ಉಳಿದಿರುತ್ತದಂತೆ. ನಿಮ್ಮಪ್ಪ ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡಿನ ನಿಕ್ಕಲ್ ತೊಟ್ಟಿಯ ಮುಂದೆ ಜೀವ ಸವೆಸಿದವರು. ಅವರ ಯೂನಿಫಾರಂ ನೆನೆಹಾಕುತ್ತಿದ್ದವಳು ನೀನು, ಒಗೆಯುತ್ತಿದ್ದವಳು ನಾನು. ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಕರೆದುಕೊಂಡು ಹೋದ ಮೇಲೆ ಇಂಥದ್ದಕ್ಕೆ ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ಸೋಪು ಹಾಕಿ ಕಾಲು ತೊಳೆದು, ಒರೆಸಿ, ಉಗುರು ಕತ್ತರಿಸಿ ಕವರಿಗೆ ಹಾಕಿಡಿ ಅಂತ ಹೇಳಿ ಹೋದಳು.

ಕತ್ತರಿಸುವುದೇನೋ ಕತ್ತರಿಸಿದೆ. ಕವರಿಗೆ ಹಾಕುವ ಹೊತ್ತಿಗೆ ನಿನ್ನ ಅಜ್ಜಿ ಬೋರಮ್ಮ ನೆನಪಾದರು. ಮೈಯಿಂದ ಬಿದ್ದ ಉಗುರು, ಕೂದಲು ಕಂಡವರ ಕೈ ಸೇರಬಾರದು ಅಂತ ಅವರ ಕಟ್ಟುನಿಟ್ಟು. “ಕೊಡ್ಲೇಬೇಕು ಅಂದ್ರೆ ಅರಿಶಿನದ ನೀರಲ್ಲಿ ಅದ್ಬುಟ್ಟು ಕೊಡವ್ವ, ಯಾವ ಮಾಟನೂ ತಟ್ಟಕಿಲ್ಲ” ಅನ್ನುತ್ತಿದ್ದರು. ನೀನು ನಗುತ್ತೀಯ, ಗೊತ್ತು. ಬುದ್ಧನ ಪಟದ ಮುಂದೆ ಕೂತು ಮಾಟಕ್ಕೆ ಹೆದರುವವಳು ನಿನ್ನ ತಾಯಿ ಒಬ್ಬಳೇ ಇರಬೇಕು. ತಾಮ್ರದ ಚೊಂಬಿನಲ್ಲಿ ಅರಿಶಿನ ಕದಡಿ, ಶಕ್ತಿ ಇನ್ನಷ್ಟು ಇರಲಿ ಅಂತ ಒಂದು ನಿಂಬೆಹಣ್ಣನ್ನೂ ಹಿಂಡಿ, ಉಗುರುಗಳನ್ನು ಬೆಳಗಿನವರೆಗೆ ನೆನೆಯಲು ಬಿಟ್ಟೆ. ಆಮೇಲೆ ಒಣಗಿಸಿ ಕೊಟ್ಟೆ.

ಆಷಾಢದಲ್ಲಿ ಅವಳ ಫೋನ್ ಬಂತು. “ಆಂಟಿ, ತಾಮ್ರ ತುಂಬಾ ಜಾಸ್ತಿ ತೋರಿಸ್ತಿದೆ. ಇದ್ರಿಂದ ಕಾಯಿಲೆ ಇದೆ ಅಂತ ಹೇಳೋಕಾಗಲ್ಲ, ಗಾಬರಿಯಾಗ್ಬೇಡಿ, ಮುಂದಿನ ವಾರ ಬಂದು ಮಾತಾಡ್ತೀನಿ” ಅಂದಳು. ಪಾಪ, ಅವಳು ಸರಿಯಾಗಿಯೇ ಹೇಳಿದಳು. ನನ್ನ ಕಿವಿಗೆ ಬಿದ್ದದ್ದು ‘ಕಾಯಿಲೆ’ ಅನ್ನುವುದೊಂದೇ. ನಿಮ್ಮಪ್ಪನ ಕೆಮ್ಮು ಕೇಳಿದ ಮನೆ ಇದು, ಬೇರೆ ಏನು ತಾನೇ ಹೊಳೆಯುತ್ತದೆ? ಪಕ್ಕದ ಮನೆಯ ದೇವಿರಮ್ಮ “ಯಾಕ್ ನೀಲಮ್ಮ, ಮುಖ ಇಳಿಬಿಟ್ಕಂಡಿದ್ದೀಯ” ಅಂತ ಕೇಳಿದ್ದಕ್ಕೆ ಹಲ್ಲುನೋವು ಅಂದುಬಿಟ್ಟೆ. ಅವರಿಗೆ ಹೇಳಿ ಅಳುವುದು ಬೇಡವೆನಿಸಿತು. ನಿನ್ನ ಹಳೇ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿದೆ ಅಂತ ಗೊತ್ತಿದ್ದೇ ಮಾಡಿದೆ. ‘ನೀವು ಕರೆ ಮಾಡಿದ ಚಂದಾದಾರರು’ ಅನ್ನುವ ಆ ಹೆಂಗಸಿನ ಧ್ವನಿಯಾದರೂ ಮನೆಯೊಳಗೆ ಕೇಳಲಿ ಅಂತ ಮತ್ತೆ ಮತ್ತೆ ಒತ್ತಿದೆ. ಭಯವಾಗಿದೆ ಅಂತ ಹೇಳಿಕೊಳ್ಳಲು ನನಗೆ ಒಬ್ಬರೂ ಇಲ್ಲ ಅನ್ನುವುದು ಆ ವಾರ ಗೊತ್ತಾಯಿತು ವಾಣಿ.

ಸಿಂಚನ ಬಂದವಳು ನೀರು ಎಲ್ಲಿಂದ ಬರುತ್ತದೆ, ಯಾವ ಪಾತ್ರೆಯಲ್ಲಿ ಅಡುಗೆ ಮಾಡುತ್ತೀರಿ ಅಂತ ಕೇಳುತ್ತಾ ಕೇಳುತ್ತಾ ಉಗುರಿನ ವಿಷಯಕ್ಕೆ ಬಂದಳು. ಅರಿಶಿನದ ಕಥೆ ಹೇಳಿದೆ. ಚೊಂಬು ತೋರಿಸಿ ಅಂದಳು, ತೋರಿಸಿದೆ. “ಅಯ್ಯೋ ಆಂಟಿ, ಉಗುರಿಗೆ ತಾಮ್ರದ ಸ್ನಾನ ಮಾಡಿಸ್ಬುಟ್ರಾ!” ಅಂತ ಅಲ್ಲೇ ಕೂತು ನಕ್ಕಳು. ನಿಂಬೆಯ ಹುಳಿಗೆ ಚೊಂಬಿನ ತಾಮ್ರ ಬಿಟ್ಟುಕೊಂಡು ಉಗುರಿಗೆ ಅಂಟಿತ್ತಂತೆ. ನಾನೂ ನಗಲು ಹೋಗಿ ಅತ್ತೆ. ಉಗುರು ಮತ್ತೆ ಬೆಳೆದ ಮೇಲೆ ಅವಳೇ ಬಂದು ಕತ್ತರಿಸಿಕೊಂಡು ಹೋದಳು. ಹೋದ ವಾರ ತಿಳಿಸಿದಳು, ತಾಮ್ರ ಎಲ್ಲರ ಹಾಗೇ ಇದೆಯಂತೆ. ಹಾಗಂತ ಇದನ್ನು ಕಾಯಿಲೆಯಿಲ್ಲದ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ ಅಂತಲೂ ಅಂದಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಯೂನಿಫಾರಂ ಮುಟ್ಟಿದ ಮಗಳ ಉಗುರೂ ಬೇಕಂತೆ. ಅದಕ್ಕೆ ನೀನು ಖುದ್ದಾಗಿ ಮೈಸೂರಿಗೆ ಬರಲೇಬೇಕು. ಮಳೆಗಾಲದಲ್ಲಿ ವಿಹಾರ ಬಿಟ್ಟು ಹೋಗಬಾರದ ಈ ವರ್ಷಾವಾಸ ಮುಗಿದ ಮೇಲೆ ನಾಲ್ಕು ದಿನ ಕಳಿಸಿಕೊಡಬೇಕೆಂದು ನಿಮ್ಮ ಹಿರಿಯ ಭಿಕ್ಖುಣಿಯವರಲ್ಲಿ ನಾನು ಬೇಡಿಕೊಂಡಿದ್ದೇನೆ ಅಂತ ಹೇಳಿ ಈ ಕಾಗದ ತೋರಿಸು. ಅವರಿಗೆ ನನ್ನ ವಂದನೆಗಳು. ನಿನ್ನ ಧ್ಯಾನ ಸಾಗಲಿ, ಮೈ ಗಟ್ಟಿಯಾಗಿರಲಿ, ಹೊತ್ತಿಗೆ ಸರಿಯಾಗಿ ನಿದ್ದೆ ಬರಲಿ.

ನಿನ್ನ ಅಮ್ಮ,
ನೀಲಮ್ಮ

ಮ.ವಿ.: ಈ ಕೊನೆಯ ತುಂಡನ್ನು ಹರಿದಿಟ್ಟುಕೊಂಡು ಮೇಲಿನದನ್ನು ಮಾತ್ರ ತೋರಿಸು. ಉಗುರನ್ನು ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ ಅಂತ ಸಿಂಚನ ಹೇಳಿದ್ದಾಳೆ, ಅದಕ್ಕೆಂದೇ ಕವರ್ ಕೊಟ್ಟು ಹೋಗಿದ್ದಾಳೆ. ನಾನು ಅದನ್ನು ಇದರ ಜೊತೆ ಇಟ್ಟಿಲ್ಲ. ಬೆಳಗ್ಗೆ ಸುಳ್ಳಾಡುವುದಿಲ್ಲ ಅಂತ ಪಂಚಶೀಲ ಹೇಳಿ, ಅದೇ ಬಾಯಿ ಆರುವ ಮೊದಲು ಸುಳ್ಳು ಬರೆದೆ. ಅದರ ಪಾಪ ನನಗೇ ಇರಲಿ. ಒಬ್ಬಳಿಗೆ ಆಗುತ್ತಿಲ್ಲ ಕಣೇ, ಬಾ.